ಮೈನ್ ಹಾಕುವ ಹಡಗು ಬೇಕೇ?

ಪರ

ದೊಡ್ಡ ನೌಕಾಪಡೆ ಕಟ್ಟುವಷ್ಟು ದುಡ್ಡು ಎಲ್ಲ ದೇಶಗಳಲ್ಲೂ ಇರುವುದಿಲ್ಲ. ಹಾಗೆಂದು ತೀರವನ್ನು ಬಲಿಷ್ಠರಿಗೆ ಬಿಟ್ಟುಕೊಡಬೇಕೆ? 1915ರ ಮಾರ್ಚ್‌ನಲ್ಲಿ ಬ್ರಿಟಿಷ್, ಫ್ರೆಂಚ್ ಯುದ್ಧನೌಕೆಗಳು ಡಾರ್ಡನೆಲ್ಸ್ ಜಲಸಂಧಿಗೆ ನುಗ್ಗಿದಾಗ ಅವನ್ನು ಹಡಗಿಗೆ ಹಡಗು ನಿಲ್ಲಿಸಿ ಎದುರಿಸುವ ಬಲ ಆಟೊಮನ್ ತುರ್ಕರಿಗಿರಲಿಲ್ಲ. ಆದರೆ ಅವರ ಕಣ್ಣು ಚುರುಕಾಗಿತ್ತು. ಗುಂಡಿನ ದಾಳಿ ಮುಗಿಸಿದ ಹಡಗುಗಳು ಎರೆನ್‌ಕೋಯ್ ಕೊಲ್ಲಿಯಲ್ಲೇ ತಿರುಗಿಕೊಂಡು ಹೋಗುತ್ತಿದ್ದವು. 7ರ ರಾತ್ರಿ ಕಳೆದು 8ರ ಬೆಳಗಾಗುವುದರೊಳಗೆ ನುಸ್ರತ್ ಎಂಬ ಪುಟ್ಟ ಹಡಗು ಅಲ್ಲಿ 26 ಮೈನುಗಳನ್ನು ದಂಡೆಯ ಗುಂಟ ಸಾಲಾಗಿ ಇಳಿಸಿತು. 18ರಂದು ಫ್ರಾನ್ಸಿನ ಬೂವೆ 600ಕ್ಕೂ ಹೆಚ್ಚು ನಾವಿಕರೊಂದಿಗೆ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಬ್ರಿಟನ್ನಿನ ಇರ್ರೆಸಿಸ್ಟಿಬಲ್, ಓಷನ್ ಕೂಡ ಉಳಿಯಲಿಲ್ಲ. ಹಡಗುಗಳಿಂದಲೇ ಜಲಸಂಧಿ ಗೆಲ್ಲುವ ಯೋಜನೆ ಅಲ್ಲಿಗೆ ನಿಂತಿತು.

ಶತ್ರುವಿನ ಬಂದರಿನ ಮುಂದೆ ಕದ್ದು ಮೈನ್ ಬಿಟ್ಟುಬರುವುದು ಬೇರೆ ಮಾತು, ಅದನ್ನು ಸಮರ್ಥಿಸಲಾರೆ. ಸ್ವಂತ ಜಲಮಾರ್ಗ ಕಾಯುವುದು ತಪ್ಪಲ್ಲ. ದ್ವೀಪಗಳ ನಡುವೆ ಇಕ್ಕಟ್ಟಾದ ದಾರಿಗಳಿರುವ ಫಿನ್ಲೆಂಡ್ ಇಂದಿಗೂ ಇಂಥ ಹಡಗುಗಳನ್ನು ಇಟ್ಟುಕೊಂಡಿದೆ.

ವಿರೋಧ

ಎರಡೂ ಕೆಲಸಕ್ಕೆ ಒಂದೇ ಹಡಗು ಸಾಕಲ್ಲ! ಮೈನ್ ಉರುಳಿಸುವ ಹಳಿಗಳಿಗೆ ಯಾರ ತೀರವೆಂಬುದು ಗೊತ್ತಾಗುವುದಿಲ್ಲ. ನುಸ್ರತ್ ಕಥೆ ಹೇಳುವವರು ವೋಲ್ಫ್ ಹೆಸರೆತ್ತುವುದು ಅಪರೂಪ. ಸರಕು ಹಡಗಿನ ವೇಷ ತೊಟ್ಟಿದ್ದ ಆ ಜರ್ಮನ್ ನೌಕೆ 1917ರ ಫೆಬ್ರವರಿಯಲ್ಲಿ ಮುಂಬಯಿ ಹೊರಗಿನ ಕಡಲಲ್ಲಿ ಮೈನ್ ಹಾಕಿತು. ಜೂನ್‌ನಲ್ಲಿ ಅದಕ್ಕೆ ಬಲಿಯಾದದ್ದು ಮಂಗೋಲಿಯಾ ಎಂಬ ಪ್ರಯಾಣಿಕರ ಹಡಗು. ನ್ಯೂಜಿಲೆಂಡ್ ಬಳಿ ಬಿಟ್ಟ ಮೈನು 1918ರ ಜೂನ್‌ನಲ್ಲಿ ವಿಮ್ಮೆರಾವನ್ನು ಮುಳುಗಿಸಿ 26 ಮಂದಿಯನ್ನು ಕೊಂದಿತು. ಅಷ್ಟರಲ್ಲಿ ವೋಲ್ಫ್ ತಾಯ್ನಾಡಿಗೆ ಮರಳಿ ನಾಲ್ಕು ತಿಂಗಳಾಗಿತ್ತು.

ಕಾನೂನಿದೆ ಎನ್ನುತ್ತೀರಿ. ವ್ಯಾಪಾರಿ ಹಡಗುಗಳನ್ನು ತಡೆಯುವುದಕ್ಕೆಂದೇ ಶತ್ರು ತೀರದಲ್ಲಿ ಮೈನ್ ಹಾಕಬಾರದೆಂದು 1907ರ ಹೇಗ್ ಒಪ್ಪಂದ ಹೇಳುತ್ತದೆ. ಆ ‘ಎಂದೇ’ ಒಂದಿದ್ದರೆ ಸಾಕು, ಬೇರೆ ಉದ್ದೇಶವೂ ಇತ್ತೆಂದು ಯಾರು ಬೇಕಾದರೂ ಜಾರಿಕೊಳ್ಳಬಹುದು. 1946ರಲ್ಲಿ ಅಲ್ಬೇನಿಯಾ ತೀರದ ಕಾರ್ಫು ಕಾಲುವೆಯಲ್ಲಿ, ಶಾಂತಿಕಾಲದಲ್ಲೇ, ಮೈನ್ ಸಿಡಿದು 44 ಬ್ರಿಟಿಷ್ ನಾವಿಕರು ಸತ್ತರು. ಮೈನುಗಳಿರುವುದು ಅಲ್ಬೇನಿಯಾಕ್ಕೆ ತಿಳಿದೇ ಇರಬೇಕು ಎಂದು ಅಂತಾರಾಷ್ಟ್ರೀಯ ನ್ಯಾಯಾಲಯ 1949ರಲ್ಲಿ ಅದನ್ನು ಹೊಣೆ ಮಾಡಿತು. ಹಾಕಿದವರು ಯಾರೆಂಬುದು ಮಾತ್ರ ಆ ನ್ಯಾಯಾಲಯದಲ್ಲೂ ಇತ್ಯರ್ಥವಾಗಲಿಲ್ಲ.