ಹೆಸರಿಗೆ ಆನ್‌ಲೈನ್, ಒಳಗೆ ಅಂಚೆ

ಜೂನ್ ತಿಂಗಳು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಹೈಸ್ಕೂಲು ಮುಗಿಯುವ ಮೊದಲೇ ಒಂದು ಸಮುದಾಯ ಕಾಲೇಜಿನಲ್ಲಿ ಬೇಸಿಗೆಯ ಸ್ಟ್ಯಾಟಿಸ್ಟಿಕ್ಸ್ ಕೋರ್ಸು ತೆಗೆದುಕೊಂಡಿದ್ದಳು. ಪೂರ್ತಿ ಆನ್‌ಲೈನ್. ಒಂದು ಸಂಜೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಅಂಕಲ್, ಇದನ್ನ ನೋಡಿ" ಎಂದಳು. ಮೇಷ್ಟರ ಅನೌನ್ಸ್‌ಮೆಂಟು: ಈ ವಾರ ಥ್ಯಾಂಕ್ಸ್‌ಗಿವಿಂಗ್ ರಜೆ, ಮನೆಯವರ ಜೊತೆ ಚೆನ್ನಾಗಿ ಊಟ ಮಾಡಿ, ಕ್ವಿಜ್ ಮಾತ್ರ ಮರೆಯಬೇಡಿ. ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರಿನಲ್ಲಿ. ಹಳೆಯ ಸೆಮಿಸ್ಟರೊಂದರ ಕೋರ್ಸನ್ನು ಇಡಿಯಾಗಿ ನಕಲು ಮಾಡಿದ್ದಾರೆ, ತಾರೀಕು ಹಾಕಿಟ್ಟಿದ್ದ ಸಂದೇಶ ತನ್ನಷ್ಟಕ್ಕೆ ಹೊರಬಿದ್ದಿದೆ. ಹುಡುಗಿ ನಕ್ಕಳು, ನಾನೂ ನಕ್ಕೆ. ಆರು ವಾರದ ಆ ಕೋರ್ಸಿನಲ್ಲಿ ಮೇಷ್ಟರಿಂದ ಅವಳಿಗೆ ಬಂದ ಮಾತುಗಳು ಇಂಥವೇ ಎಂದು ಗೊತ್ತಾದಾಗ ನಗು ನಿಂತಿತು.

ಏಕೆಂದರೆ ಅಮೆರಿಕದ ಕಾನೂನಿನ ಕಣ್ಣಿಗೆ ಅದು ಆನ್‌ಲೈನ್ ಶಿಕ್ಷಣವೇ ಅಲ್ಲ. ಅದಕ್ಕೆ ಬೇರೆ ಹೆಸರಿದೆ: ಅಂಚೆ ಶಿಕ್ಷಣ.

ಕನ್ನಡಿಗರಿಗೆ ಈ ಮಾತಿನಲ್ಲಿ ಅವಮಾನವೇನೂ ಕಾಣುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಶುರುಮಾಡಿದ ಅಂಚೆ ಶಿಕ್ಷಣದಿಂದಲೇ ಎಷ್ಟೋ ಗುಮಾಸ್ತರು, ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಪದವಿ ಪಡೆದರು. ಅಮೆರಿಕದಲ್ಲಿ ಆ ಪದದ ಚರಿತ್ರೆಯೇ ಬೇರೆ. ಮನೆಗೆ ಪುಸ್ತಕದ ಕಟ್ಟು ಕಳಿಸಿ, ವಿದ್ಯಾರ್ಥಿಯ ಹೆಸರಿನಲ್ಲಿ ಸರ್ಕಾರದ ದುಡ್ಡು ಎಣಿಸಿಕೊಂಡು ಮಾಯವಾಗುತ್ತಿದ್ದ ಸಂಸ್ಥೆಗಳ ಹಾವಳಿ ನೋಡಿದ ಕಾಂಗ್ರೆಸ್ 1992ರಲ್ಲಿ ಒಂದು ಬೇಲಿ ಹಾಕಿತು. ಒಂದು ಸಂಸ್ಥೆಯ ಕೋರ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಚೆಯವಾದರೆ, ಇಲ್ಲವೇ ಅರ್ಧದಷ್ಟು ವಿದ್ಯಾರ್ಥಿಗಳು ಅಂಚೆ ಕೋರ್ಸಿನವರಾದರೆ, ಆ ಸಂಸ್ಥೆಗೆ ಫೆಡರಲ್ ವಿದ್ಯಾರ್ಥಿ ನೆರವು ಬಂದ್. 2006ರಲ್ಲಿ ಆನ್‌ಲೈನ್ ಕೋರ್ಸುಗಳನ್ನು ಈ ಲೆಕ್ಕದಿಂದ ಹೊರಗಿಟ್ಟರು. ಅಂಚೆ ಕೋರ್ಸುಗಳು ಬೇಲಿಯೊಳಗೇ ಉಳಿದವು. ಎರಡಕ್ಕೂ ನಡುವೆ ಇರುವ ಗೆರೆ ಒಂದೇ: ಮೇಷ್ಟರು ತಾವಾಗಿ, ನಿಯಮಿತವಾಗಿ, ಪಾಠದ ವಿಷಯದ ಬಗ್ಗೆಯೇ ವಿದ್ಯಾರ್ಥಿಯೊಂದಿಗೆ ವ್ಯವಹರಿಸುತ್ತಾರೋ ಇಲ್ಲವೋ.

ಬಹುಕಾಲ ಈ ಗೆರೆ ಮಸುಕಾಗಿಯೇ ಇತ್ತು. 2017ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಇಲಾಖೆಯ ಲೆಕ್ಕ ತನಿಖಾಧಿಕಾರಿಗಳು ಆನ್‌ಲೈನ್ ಸಂಸ್ಥೆಯಾದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯ 102 ಕೋರ್ಸುಗಳನ್ನು ಜಾಲಾಡಿ, 69ರಲ್ಲಿ ಇಂಥ ಸಂಪರ್ಕಕ್ಕೆ ಜಾಗವೇ ಇಲ್ಲ ಎಂದರು. 71.3 ಕೋಟಿ ಡಾಲರ್ ವಾಪಸು ಪಡೆಯಿರಿ ಎಂದು ಶಿಫಾರಸು ಮಾಡಿದರು. 2019ರ ಜನವರಿಯಲ್ಲಿ ಇಲಾಖೆ ಆ ಹಣ ಬೇಡವೆಂದಿತು. ಕಾನೂನಿನ ಮಾತು ಸ್ಪಷ್ಟವಿರಲಿಲ್ಲ, ಸಂಸ್ಥೆ ಪ್ರಾಮಾಣಿಕವಾಗಿಯೇ ನಡೆದುಕೊಂಡಿತ್ತು ಎಂಬುದು ಕಾರಣ. ಪ್ರಕರಣ ಮುಗಿಯಿತು ಎಂದು ಹಲವು ಕಾಲೇಜುಗಳು ನಿಟ್ಟುಸಿರು ಬಿಟ್ಟವು.

ಈಗ ಆ ನೆಪಕ್ಕೆ ಜಾಗವಿಲ್ಲ. 2021ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ನೇರ ಬೋಧನೆ, ವಿದ್ಯಾರ್ಥಿಯ ಕೆಲಸ ತಿದ್ದಿ ಅಭಿಪ್ರಾಯ ಹೇಳುವುದು, ಪಾಠದ ಪ್ರಶ್ನೆಗಳಿಗೆ ಉತ್ತರ, ಗುಂಪು ಚರ್ಚೆ ನಡೆಸುವುದು, ಮಾನ್ಯತಾ ಸಂಸ್ಥೆ ಒಪ್ಪಿದ ಇನ್ನಾವುದಾದರೂ ಬೋಧನಾ ಕೆಲಸ, ಈ ಐದರಲ್ಲಿ ಕನಿಷ್ಠ ಎರಡು ನಡೆಯಬೇಕು. ಮೊದಲೇ ಗೊತ್ತುಮಾಡಿದ ವೇಳೆಗೆ ನಡೆಯಬೇಕು. ವಿದ್ಯಾರ್ಥಿ ಹಿಂದೆ ಬೀಳುತ್ತಿದ್ದಾನೆಯೇ ಎಂದು ಮೇಷ್ಟರು ಗಮನಿಸುತ್ತ, ಅವನು ಕೇಳುವ ಮೊದಲೇ ಮಾತನಾಡಿಸಬೇಕು. ಸಂಶಯವಿದ್ದರೆ ಇ-ಮೇಲ್ ಮಾಡಿ ಎಂದು ಸಿಲಬಸ್ಸಿನಲ್ಲಿ ಬರೆದು ಕೂರುವುದು ಲೆಕ್ಕಕ್ಕಿಲ್ಲ. ಆಗ ಮಾತು ಶುರುಮಾಡಬೇಕಾದವನು ವಿದ್ಯಾರ್ಥಿಯಾಗುತ್ತಾನೆ, ಅದೇ ಅಂಚೆಯ ಲಕ್ಷಣ.

ಕ್ಯಾಲಿಫೋರ್ನಿಯಾವನ್ನು ಎತ್ತಿಕೊಳ್ಳಲು ಕಾರಣವಿದೆ. 116 ಸಮುದಾಯ ಕಾಲೇಜುಗಳು, ಸುಮಾರು 20 ಲಕ್ಷ ವಿದ್ಯಾರ್ಥಿಗಳು, ಯೂನಿಟ್ಟಿಗೆ 46 ಡಾಲರ್ ಶುಲ್ಕ. ಅಮೆರಿಕದಲ್ಲಿ ಇಷ್ಟು ದೊಡ್ಡ, ಇಷ್ಟು ಅಗ್ಗದ ವ್ಯವಸ್ಥೆ ಇನ್ನೊಂದಿಲ್ಲ. ಕೋವಿಡ್‌ಗೆ ಮೊದಲು ಸುಮಾರು ಐದರಲ್ಲೊಂದು ಪಾಲು ಆನ್‌ಲೈನ್ ಇದ್ದದ್ದು ಆಮೇಲೆ ಹತ್ತಿರಹತ್ತಿರ ಇಮ್ಮಡಿಯಾಗಿ ಅಲ್ಲೇ ನಿಂತಿದೆ. ನಮ್ಮವರಿಗೂ ಈ ಕಾಲೇಜುಗಳು ಹತ್ತಿರದವು. ಎಚ್-4 ವೀಸಾದ ಮೇಲೆ ಬಂದು ಹೊಸ ವಿದ್ಯೆ ಕಲಿಯಹೊರಟ ಗೃಹಿಣಿ, ಇಲ್ಲಿ ಎರಡು ವರ್ಷ ಓದಿ ಬರ್ಕ್ಲಿಗೋ ಡೇವಿಸ್‌ಗೋ ಹೋಗುವ ಹುಡುಗ, ಕೆಲಸ ಕಳೆದುಕೊಂಡು ಅಕೌಂಟಿಂಗ್ ಹಿಡಿದ ಐವತ್ತರ ಟೆಕ್ಕಿ, ಕ್ಯುಪರ್ಟಿನೊದ ಡಿ ಆಂಜಾದಿಂದ ಫ್ರೀಮಾಂಟಿನ ಒಲೋನ್‌ವರೆಗೆ ಇವರೆಲ್ಲ ಕಾಣಸಿಗುತ್ತಾರೆ.

ಈ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಇಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ಆಯೋಗ, ಹೆಸರು ಎಸಿಸಿಜೆಸಿ. ಪರಿಶೀಲನೆಯ ಸರದಿ ಬಂದಾಗ ಬೇರೆ ಕಾಲೇಜುಗಳ ಅಧ್ಯಾಪಕರು, ಆಡಳಿತಗಾರರು ಕೂಡಿದ ತಂಡ ಹಿಂದಿನ ಅವಧಿಯ ಕೆಲವು ಆನ್‌ಲೈನ್ ತರಗತಿಗಳನ್ನು ಹೆಕ್ಕಿ, ಪಾಠ ನಡೆಯುವ ಕ್ಯಾನ್‌ವಾಸ್ ಎಂಬ ತಂತ್ರಾಂಶದ ಒಳಗೇ ಹೋಗಿ ನೋಡುತ್ತದೆ. ಕಾಲೇಜುಗಳು ಎಡವುತ್ತಿರುವುದು ಇಲ್ಲೇ. ಕೋರ್ಸಿನ ಶೆಲ್, ಅಂದರೆ ಚೌಕಟ್ಟು, ಚೆಂದವಾಗಿದೆಯೇ, ಮಾಡ್ಯೂಲುಗಳು ಸಾಲಾಗಿವೆಯೇ, ವಿಡಿಯೋಗೆ ಕ್ಯಾಪ್ಷನ್ ಇದೆಯೇ, ಚರ್ಚೆಗೆ ಜಾಗ ಬಿಟ್ಟಿದೆಯೇ ಎಂದು ರುಬ್ರಿಕ್ ಹಿಡಿದು ಅಳೆಯುವುದರಲ್ಲಿ ಅವು ಪಳಗಿವೆ. ಅದು ಬೇಕಾದ ಕೆಲಸವೇ. ಆದರೆ ಅಲ್ಲಿ ಅಳೆಯುವುದು ಕಟ್ಟಡವನ್ನು. ಕಾನೂನು ಕೇಳುವುದು ಒಳಗೆ ಯಾರಾದರೂ ವಾಸವಿದ್ದಾರೆಯೇ ಎಂದು. ಹಸಿರು ಟಿಕ್ ಬಿದ್ದ ಕೋರ್ಸನ್ನು ಮೂರು ವರ್ಷ ನಕಲು ಮಾಡುತ್ತ ಹೋದರೆ ಮೂರನೆಯ ವರ್ಷವೂ ಹಸಿರಾಗಿಯೇ ಕಾಣುತ್ತದೆ, ಜೂನ್ ತಿಂಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಶುಭಾಶಯದ ಸಮೇತ.

ಮೇಷ್ಟರನ್ನು ಬೈದು ಸುಮ್ಮನಾಗುವುದು ಸುಲಭ. ಈ ಕಾಲೇಜುಗಳ ಬಹುಪಾಲು ಅಧ್ಯಾಪಕರು ಅರೆಕಾಲಿಕರು. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು ಊರು, ರಾತ್ರಿ ಆನ್‌ಲೈನ್ ತರಗತಿ. ಇವರನ್ನು ಇಲ್ಲಿ "ಫ್ರೀವೇ ಫ್ಲೈಯರ್" ಎನ್ನುತ್ತಾರೆ. ನಮ್ಮ ಅತಿಥಿ ಉಪನ್ಯಾಸಕರ ಪಾಡು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಪ್ರಕಾಶಕರು ಪಠ್ಯ, ವಿಡಿಯೋ, ತಾನೇ ತಿದ್ದುವ ಕ್ವಿಜ್ ಎಲ್ಲ ಸೇರಿಸಿ ಸಿದ್ಧ ಕೋರ್ಸು ಕೊಟ್ಟರೆ ಅವರು ಬೇಡ ಎನ್ನುವುದು ಹೇಗೆ? ನಲವತ್ತು ಹೆಸರಿರುವ ಐದು ತರಗತಿಗಳನ್ನು ಒಬ್ಬರ ತಲೆಗೆ ಕಟ್ಟಿ "ನಿಯಮಿತ ಸಂಪರ್ಕ ಕಡ್ಡಾಯ" ಎಂದು ಸುತ್ತೋಲೆ ಹೊರಡಿಸುವ ಡೀನ್ ಯಾವ ಕಾಲೇಜಿನಲ್ಲಿದ್ದರೂ ನನಗೆ ಅವರ ಮೇಲೆ ಗೌರವ ಹುಟ್ಟುವುದಿಲ್ಲ.

ಆ ನಲವತ್ತು ಹೆಸರುಗಳಲ್ಲಿ ಮನುಷ್ಯರೆಷ್ಟು ಎಂಬುದು ಮುಂದಿನ ತಲೆನೋವು. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 65,000ಕ್ಕೂ ಹೆಚ್ಚು ನಕಲಿ ವಿದ್ಯಾರ್ಥಿಗಳು ಹಣಕಾಸಿನ ನೆರವಿಗೆ ಅರ್ಜಿ ಹಾಕಿದ್ದು ಬಯಲಾಯಿತು. 2024ರ ಹೊತ್ತಿಗೆ ಪ್ರವೇಶಕ್ಕೆ ಬರುವ ಅರ್ಜಿಗಳಲ್ಲಿ ಸುಮಾರು ಮೂರರಲ್ಲೊಂದು ಅನುಮಾನದ್ದು ಎಂದು ವ್ಯವಸ್ಥೆಯೇ ಹೇಳಿಕೊಂಡಿತು. ಇವರಿಗೆ ಇಲ್ಲಿಟ್ಟ ಹೆಸರು ಗೋಸ್ಟ್ ಸ್ಟೂಡೆಂಟ್, ದೆವ್ವದ ವಿದ್ಯಾರ್ಥಿ. ಕದ್ದ ಗುರುತಿನಲ್ಲಿ ಸೇರಿ, ಮೊದಲ ವಾರದ "ನಿಮ್ಮನ್ನು ಪರಿಚಯಿಸಿಕೊಳ್ಳಿ" ಚರ್ಚೆಯಲ್ಲಿ ಎಐ ಬರೆದ ನಾಲ್ಕು ಸಾಲು ಹಾಕಿ, ಪೆಲ್ ಗ್ರ್ಯಾಂಟ್ ಎಂಬ ಫೆಡರಲ್ ನೆರವು ಕೈಗೆ ಬಂದೊಡನೆ ಕಣ್ಮರೆ. ಜಾಗ ತುಂಬಿದೆ ಎಂದು ನಿಜವಾದ ವಿದ್ಯಾರ್ಥಿ ವೇಟ್‌ಲಿಸ್ಟಿನಲ್ಲಿ ಕಾಯುತ್ತಿರುತ್ತಾನೆ. ಮೇಷ್ಟರ ಮೊದಲ ಎರಡು ವಾರ ಪಾಠಕ್ಕೆ ಹೋಗುವುದಿಲ್ಲ, ಪೊಲೀಸ್ ಕೆಲಸಕ್ಕೆ ಹೋಗುತ್ತದೆ. ನಾಚಿಕೆಯಿಂದ ಕ್ಯಾಮೆರಾ ಹಾಕದ, ಇಂಗ್ಲಿಷ್ ತಡವರಿಸುವ, ಉತ್ತರ ತಡಮಾಡುವ ಹೊಸ ವಲಸಿಗನೂ ದೆವ್ವದಂತೆಯೇ ಕಾಣುತ್ತಾನೆ. ಯಾರ ಹಿಂದೆ ಬಿದ್ದು ಮಾತನಾಡಿಸಬೇಕೆಂದು ನಿಯಮ ಹೇಳುತ್ತದೋ ಅವನ ಹೆಸರನ್ನೇ ಪಟ್ಟಿಯಿಂದ ಕಿತ್ತುಹಾಕುವ ಅಪಾಯ ಇದು.

ವಿದ್ಯಾರ್ಥಿಯ ಗುರುತು ಖಾತ್ರಿ ಮಾಡಿಕೊಳ್ಳುವುದೂ ಮಾನ್ಯತೆಯ ಷರತ್ತೇ. 2008ರ ಕಾನೂನು, ಹೆಸರು ನೋಂದಾಯಿಸಿದವನೇ ಕೋರ್ಸು ಓದುತ್ತಿದ್ದಾನೆಂದು ಕಾಲೇಜು ತೋರಿಸಬೇಕು ಎಂದಿತು. ಆ ಕಾಲಕ್ಕೆ ಲಾಗಿನ್, ಪಾಸ್‌ವರ್ಡ್ ಸಾಕಾಗಿತ್ತು. ಇವತ್ತು ಪಾಸ್‌ವರ್ಡ್ ಕೊಟ್ಟರೆ ಬ್ರೌಸರಿನೊಳಗೆ ಕೂತ ಎಐ ಏಜೆಂಟು ತಾನೇ ಕ್ಯಾನ್‌ವಾಸ್‌ಗೆ ಹೋಗಿ ಕ್ವಿಜ್ ಮುಗಿಸಿ ಬರುತ್ತದೆ. ಆ ಕಡೆ ಮೇಷ್ಟರೂ ಅಭಿಪ್ರಾಯ ಬರೆಯುವ ಕೆಲಸವನ್ನು ಇನ್ನೊಂದು ಎಐಗೆ ಒಪ್ಪಿಸಿದರೆ ತರಗತಿ ಪೂರ್ತಿ ಯಂತ್ರಗಳ ಸಂಭಾಷಣೆ. ಕಡತದಲ್ಲಿ ಮಾತ್ರ ಸಂಪರ್ಕ ಬೇಕಾದಷ್ಟು. 2024ರಲ್ಲಿ ಕ್ಯಾಲಿಫೋರ್ನಿಯಾ, ಸಮುದಾಯ ಕಾಲೇಜಿನ ಕೋರ್ಸಿಗೆ ಹೊಣೆಗಾರರಾದ ಬೋಧಕರು ಅರ್ಹತೆಯುಳ್ಳ ಮನುಷ್ಯರೇ ಆಗಿರಬೇಕೆಂದು ಕಾನೂನು ಮಾಡಿತು. ಹೀಗೂ ಒಂದು ಕಾನೂನು ಬೇಕಾಯಿತಲ್ಲ! ಆದರೆ ಹಾಜರಿ ಪುಸ್ತಕದಲ್ಲಿ ಮನುಷ್ಯನ ಹೆಸರಿದ್ದ ಮಾತ್ರಕ್ಕೆ ಮಾತನಾಡಿದವರು ಅವರೇ ಎಂದಾಗುವುದಿಲ್ಲ.

ಯಾವ ಕಾಲೇಜೂ ನಾಳೆ ಬೆಳಿಗ್ಗೆ ಬಾಗಿಲು ಹಾಕುವುದಿಲ್ಲ. ಅಂಥ ದಿಗಿಲು ಹುಟ್ಟಿಸುವುದು ಈ ಬರಹದ ಉದ್ದೇಶವಲ್ಲ. ಆದರೆ ಮಾನ್ಯತೆಯ ಪೆಟ್ಟು ಬೀಳುವ ರೀತಿ ವಿಚಿತ್ರ. 2012ರ ಜುಲೈನಲ್ಲಿ ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋಗೆ ನೋಟಿಸು ಬಂತು, ಮರುವರ್ಷ ಮಾನ್ಯತೆ ರದ್ದು ಮಾಡುವ ತೀರ್ಮಾನ ಹೊರಬಿತ್ತು. ತಕರಾರಿದ್ದದ್ದು ಹಣಕಾಸು, ಆಡಳಿತದ ಬಗ್ಗೆ, ಪಾಠದ ಗುಣಮಟ್ಟದ ಬಗ್ಗೆ ಅಷ್ಟಾಗಿ ಅಲ್ಲ. ನಗರದ ವಕೀಲರು ಕೋರ್ಟಿಗೆ ಹೋದರು, ಆಯೋಗವೂ ಕಾನೂನು ಮುರಿದಿದೆ ಎಂದು ಕೋರ್ಟು ಹೇಳಿತು, 2017ರಲ್ಲಿ ಮಾನ್ಯತೆ ಮತ್ತೆ ಗಟ್ಟಿಯಾಯಿತು. ಒಂದು ದಿನವೂ ಮಾನ್ಯತೆ ತಪ್ಪಲಿಲ್ಲ. ಆದರೂ ಆ ವರ್ಷಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಬಿಟ್ಟುಹೋದರು. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ ಕಾಲೇಜಿನ ಕತೆ ಇನ್ನೂ ಕಷ್ಟದ್ದು. 2006ರಲ್ಲಿ ಮಾನ್ಯತೆ ಹೋಯಿತು, ನೆರೆಯ ಎಲ್ ಕಮಿನೊ ಕಾಲೇಜಿನ ಆಸರೆಯಲ್ಲಿ ಒಂದು ಕೇಂದ್ರವಾಗಿ ಉಳಿದು, ಸ್ವಂತ ಹೆಸರಿನ ಮಾನ್ಯತೆ ಮತ್ತೆ ದಕ್ಕಿದ್ದು 2017ರಲ್ಲಿ.

ಇದೆಲ್ಲ ಯಾವುದೋ ದೇಶದ್ದು ಎನ್ನುವವರು ಕರಾಮುವಿಯನ್ನು, ಅಂದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವನ್ನು, ನೆನೆಯಲಿ. ರಾಜ್ಯದ ಗಡಿಯಾಚೆ ಕೇಂದ್ರಗಳನ್ನು ತೆರೆಯುತ್ತ ಹೋದ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರದ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಸಾರ್ವಜನಿಕ ನೋಟಿಸು ಹೊರಡಿಸಿತು. ಅಷ್ಟರೊಳಗೆ ಸೇರಿದ್ದವರು ಸೇರಿ ಆಗಿತ್ತು, ಬರೆದವರು ಬರೆದಾಗಿತ್ತು. ಮಾನ್ಯತೆ ಮರಳಿದ್ದು 2018ರಲ್ಲಿ. ತಪ್ಪು ಆಡಳಿತದ್ದು, ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು ವಿದ್ಯಾರ್ಥಿಗಳು.

ಆದ್ದರಿಂದ ಆಯೋಗದ ತಂಡ ಬರುವವರೆಗೆ ಕಾಯದೆ ಕಾಲೇಜುಗಳು ಈಗಲೇ ಮಾಡಬಹುದಾದದ್ದಿದೆ. ಪ್ರತಿ ಅವಧಿಯಲ್ಲೂ ಕೆಲವು ತರಗತಿಗಳನ್ನು ಚೀಟಿ ಎತ್ತಿ ಆರಿಸಿ, ಮೇಷ್ಟರು ಯಾವ ದಿನ ಯಾರಿಗೆ ಏನು ಬರೆದರು ಎಂದು ಅವರದೇ ಸಹೋದ್ಯೋಗಿಗಳು ನೋಡಲಿ. ಅದು ಶಿಕ್ಷೆಯ ಕಡತಕ್ಕೆ ಹೋಗಬಾರದು, ಹೋದರೆ ಎಲ್ಲರೂ ತೋರಿಕೆಗೆ ಬರೆಯಲು ಕಲಿಯುತ್ತಾರೆ. ಅರೆಕಾಲಿಕರಿಗೆ ವಿದ್ಯಾರ್ಥಿಗಳನ್ನು ಮಾತನಾಡಿಸುವ ಗಂಟೆಗಳಿಗೆ ಸಂಬಳ ಕೊಡಬೇಕು. ಆನ್‌ಲೈನ್ ತರಗತಿಯ ವಿದ್ಯಾರ್ಥಿಗಳ ಮಿತಿ ಇಳಿಸಬೇಕು. ಇಳಿಸಿದರೆ ವರಮಾನ ಇಳಿಯುತ್ತದೆ, ಆಡಳಿತ ಹಿಂಜರಿಯುವುದು ಅದಕ್ಕೇ. ದೆವ್ವ ಹಿಡಿಯುವ ಕೆಲಸ ಪ್ರವೇಶದ ಬಾಗಿಲಲ್ಲೇ ಮುಗಿಯಬೇಕು, ತರಗತಿಯೊಳಗೆ ಬರಬಾರದು.

ನಮ್ಮ ಮನೆಗಳವರು ಕೋರ್ಸು ಆರಿಸುವಾಗ ಶುಲ್ಕ ನೋಡುತ್ತಾರೆ, ಯೂನಿಟ್ಟು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಸಲ್ಲುತ್ತದೆಯೇ ಎಂದು ಅಸಿಸ್ಟ್ ತಾಣದಲ್ಲಿ ನೋಡುತ್ತಾರೆ. ಕರ್ನಾಟಕದಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದ ಮಕ್ಕಳು ಅವಧಿಗೆ ಒಂದೇ ಆನ್‌ಲೈನ್ ತರಗತಿ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಬರುತ್ತದೆಂದು ಎಚ್ಚರದಿಂದಿರುತ್ತಾರೆ. ಇನ್ನೊಂದನ್ನೂ ನೋಡಿ. ಸಿಲಬಸ್ಸಿನಲ್ಲಿ ಮೇಷ್ಟರು ತಾವೇ ಯಾವಾಗ, ಹೇಗೆ ಸಂಪರ್ಕಿಸುತ್ತೇವೆ ಎಂದು ಬರೆದಿದ್ದಾರೆಯೇ? ಮೊದಲ ಅಸೈನ್‌ಮೆಂಟಿಗೆ ಬಂದ ಮಾತು ನಿಮ್ಮ ಮಗಳ ಉತ್ತರದ ಬಗ್ಗೆಯೋ, ಯಾರಿಗಾದರೂ ಸಲ್ಲುವ "ಗುಡ್ ಜಾಬ್" ಮಾತ್ರವೋ? ಎರಡು ವಾರ ಮೌನವಾದರೆ ಡೀನ್‌ಗೆ ಬರೆಯಲು ಹಿಂಜರಿಯಬೇಡಿ.

ಪಕ್ಕದ ಮನೆಯ ಹುಡುಗಿಗೆ ಆ ಕೋರ್ಸಿನಲ್ಲಿ ಎ ಬಂತು. ಮೇಷ್ಟರ ಹೆಸರೇನು ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ನೋಡಿ ಹೇಳುತ್ತೇನೆ ಅಂಕಲ್ ಎಂದು ಲ್ಯಾಪ್‌ಟಾಪ್ ತೆರೆದಳು.