ಫ್ರೀಜ್ ಮಾಡಿಟ್ಟ ಭ್ರೂಣ: ಸಹಿ ಹಾಕುವ ಮೊದಲು ಕೇಳಿ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತು. ಮದ್ರಸದ ಮಕ್ಕಳನ್ನು ಮನೆಗೆ ಕಳುಹಿಸಿ ಬಾಗಿಲು ಹಾಕುವಾಗ ಹಿರಿಯರೊಬ್ಬರು ಬಂದು ನಿಂತರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಫೈಲು. "ಮೌಲಾನಾ ಸಾಬ್, ಹೈದರಾಬಾದ್ ದವಾಖಾನಿಯಾಗ ನಮ್ಮ ಮಗಳವು ಮೂರು ಕೂಸು ಇಟ್ಟಾರ್ರಿ. ಅಳಿಯ ಹೋಗಿಬಿಟ್ಟ. ಈಗ ಏನ್ ಮಾಡಬೇಕ್ರಿ?" ಎಂದು ಕೇಳಿದರು.

ನಾನು ಬಂಟ್ವಾಳ ಕಡೆಯವ. ಕೆಲವು ವರ್ಷಗಳಿಂದ ಬೀದರ್ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೇನೆ. ಊರಲ್ಲಿ ಉಸ್ತಾದ್ ಆಗಿದ್ದವ ಇಲ್ಲಿ ಮೌಲಾನಾ ಆಗಿದ್ದೇನೆ, ಅಷ್ಟೇ ವ್ಯತ್ಯಾಸ. ಅವರು ಹೇಳಿದ ಮೂರು 'ಕೂಸು' ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವು ಫ್ರೀಜ್ ಮಾಡಿಟ್ಟ ಭ್ರೂಣಗಳು. ಮದುವೆಯಾಗಿ ಆರು ವರ್ಷ ಮಕ್ಕಳಾಗದ ದಂಪತಿ ಐವಿಎಫ್ ಚಿಕಿತ್ಸೆಗೆ ಹೋಗಿದ್ದರು. ಚುಚ್ಚುಮದ್ದಿನಿಂದ ಹುಡುಗಿಯ ಹೊಟ್ಟೆ ಊದಿಕೊಂಡಿತು. ಆಗ ವೈದ್ಯರು ಭ್ರೂಣಗಳನ್ನು ಫ್ರೀಜ್ ಮಾಡಿ, ಎರಡು ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಅಷ್ಟರಲ್ಲಿ ನಾದಿನಿಯ ಮದುವೆ ಬಂತು, ಆಮೇಲೆ ಬಿತ್ತನೆ ಬಂತು. "ಫ್ರೀಜ್ ಮಾಡಿದ್ದು ಎಲ್ಲಿಗೆ ಹೋಗ್ತದೆ?" ಎಂದು ಮುಂದೂಡಿದರು. ಒಂದು ದಿನ ಗದ್ದೆಯಿಂದ ಬಂದ ಹುಡುಗನಿಗೆ ಎದೆನೋವು ಬಂತು, ಬೀದರ್ ಮುಟ್ಟುವ ಮೊದಲೇ ಹೋದ.

ಹುಡುಗಿ ಇದ್ದತ್‌ನಲ್ಲಿದ್ದಳು. ಮಗನ ಗುರುತು ಉಳಿಯಲಿ, ಆ ಭ್ರೂಣ ಹಾಕಿಸಿಕೊಳ್ಳಲಿ ಎಂದು ಗಂಡನ ಮನೆಯವರ ಬೇಡಿಕೆ. ಅದು ಹರಾಂ ಎಂದು ಇನ್ನು ಕೆಲವರು. ತಂದೆ ನಡುವೆ ಸಿಕ್ಕಿಬಿದ್ದಿದ್ದರು.

ಫೈಲಿನಲ್ಲಿ ಇಂಗ್ಲಿಷಿನ ಒಂದು ಒಪ್ಪಿಗೆ ಪತ್ರ ಇತ್ತು. ಪಿಯುಸಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಭ್ರೂಣಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅದರಲ್ಲೇ ಇತ್ತು. 'ಬದುಕಿರುವವರಿಗೆ ಕೊಡಬೇಕು' ಎಂಬ ಸಾಲಿನ ಎದುರು ಒಂದು ಟಿಕ್ ಇತ್ತು. ಕೆಳಗೆ ಇಬ್ಬರ ಸಹಿ. ಆ ಟಿಕ್ ಹಾಕಿದ್ದು ಯಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸಹಿ ಮಾಡಿ ಎಂದರು, ಮಾಡಿದರು.

ನಾನು ಮುಫ್ತಿ ಅಲ್ಲ. ಹಿರಿಯ ಉಲಮಾಗಳಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನು ಮರುದಿನ ತಿಳಿಸಿದೆ: ಮರಣದೊಂದಿಗೆ ನಿಕಾಹ್‌ನ ಬಂಧ ಮುಗಿಯಿತು, ಇನ್ನು ಆ ಭ್ರೂಣವನ್ನು ಗರ್ಭಕ್ಕೆ ಸೇರಿಸುವಂತಿಲ್ಲ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ ಒಂದೇ ಮಾತು ಹೇಳಿದರು: "ಇದನ್ನ ಮೊದಲೇ ಯಾರಾದ್ರೂ ಹೇಳಿದ್ರ ಚಲೋ ಇತ್ತು."

ಆ ಮಾತಿಗಾಗಿಯೇ ಇದನ್ನು ಊರಿನ ಓದುಗರಿಗೆ ಬರೆಯುತ್ತಿದ್ದೇನೆ. ಏಕೆಂದರೆ ಈ ಚಿಕಿತ್ಸೆ ಮಂಗಳೂರಿನಲ್ಲೂ ಉಂಟು, ನಮ್ಮ ಬ್ಯಾರಿ ಮನೆಗಳಿಂದಲೂ ಹೋಗುವವರಿದ್ದಾರೆ. ಬಾಯಿಬಿಟ್ಟು ಹೇಳುವವರು ಮಾತ್ರ ಇಲ್ಲ.

ಚಿಕಿತ್ಸೆ ಏನು ಎಂಬುದನ್ನು ಸರಳವಾಗಿ ಹೇಳುತ್ತೇನೆ. ಸುಮಾರು ಹತ್ತು ಹನ್ನೆರಡು ದಿನ ಚುಚ್ಚುಮದ್ದು ಕೊಟ್ಟು ಪತ್ನಿಯ ಅಂಡಗಳನ್ನು ಬೆಳೆಸಿ ಹೊರತೆಗೆಯುತ್ತಾರೆ. ಪತಿಯ ವೀರ್ಯದೊಂದಿಗೆ ಪ್ರಯೋಗಾಲಯದಲ್ಲಿ ಸೇರಿಸುತ್ತಾರೆ. ಮೂರು ಅಥವಾ ಐದು ದಿನ ಬೆಳೆದ ಭ್ರೂಣವನ್ನು ಕೂಡಲೇ ಗರ್ಭಕೋಶಕ್ಕೆ ಬಿಡಬಹುದು, ಇಲ್ಲವೇ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಡಬಹುದು. ಚುಚ್ಚುಮದ್ದಿನಿಂದ ಅಂಡಾಶಯ ಊದಿಕೊಂಡರೆ, ಗರ್ಭಕೋಶದ ಒಳಪದರ ಸಿದ್ಧವಾಗದಿದ್ದರೆ ಅಥವಾ ಭ್ರೂಣ ಹೆಚ್ಚು ಉಳಿದರೆ ಹೀಗೆ ಇಡುತ್ತಾರೆ. ಆಮೇಲೆ ಪದರ ಸಿದ್ಧವಾದ ತಿಂಗಳಲ್ಲಿ ಭ್ರೂಣವನ್ನು ಕರಗಿಸಿ ತೆಳು ನಳಿಗೆಯಿಂದ ಒಳಗೆ ಬಿಡುತ್ತಾರೆ. ಕೆಲವು ನಿಮಿಷದ ಕೆಲಸ. ಹತ್ತರಿಂದ ಹದಿನಾಲ್ಕು ದಿನ ಕಳೆದು ರಕ್ತ ಪರೀಕ್ಷೆ. ಅದಾದ ಮೇಲೆ ಹುಡುಗಿಯನ್ನು ಹಾಸಿಗೆ ಬಿಟ್ಟು ಏಳದಂತೆ ಮಲಗಿಸುವ ಅಗತ್ಯ ಇಲ್ಲ, ಅದರಿಂದ ಲಾಭವೂ ಇಲ್ಲ. ಗರ್ಭ ನಿಂತರೆ ಬಿಪಿ ತಪ್ಪದೆ ನೋಡಿಸಬೇಕು, ಏಕೆಂದರೆ ಫ್ರೀಜ್ ಮಾಡಿದ ಭ್ರೂಣದ ಗರ್ಭದಲ್ಲಿ ರಕ್ತದೊತ್ತಡ ಏರುವ ಸಂಭವ ಸ್ವಲ್ಪ ಹೆಚ್ಚು. ಇಷ್ಟೆಲ್ಲ ಮಾಡಿದರೂ ಮಗು ಆಗಿಯೇ ಆಗುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು.

ಇದು ವಿದೇಶದಿಂದ ಮೊನ್ನೆ ಬಂದ ವಿದ್ಯೆಯೂ ಅಲ್ಲ. ಲೋಕದ ಮೊದಲ ಟೆಸ್ಟ್ ಟ್ಯೂಬ್ ಮಗು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು ಕೊಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣು ಮಗು ಹುಟ್ಟಿತು. ಅವರು ಭ್ರೂಣವನ್ನು 53 ದಿನ ಫ್ರೀಜ್ ಮಾಡಿಟ್ಟು ಆಮೇಲೆ ತಾಯಿಯ ಗರ್ಭಕ್ಕೆ ಬಿಟ್ಟಿದ್ದರು. ಅವರ ಮಾತನ್ನು ಯಾರೂ ನಂಬಲಿಲ್ಲ, ಅವಮಾನ ಮಾಡಿದರು. ನೊಂದು 1981ರಲ್ಲಿ ಪ್ರಾಣ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಮೊದಲಿಗರು ಅವರೇ ಎಂದು 1997ರಲ್ಲಿ ಲೋಕಕ್ಕೆ ಹೇಳಿದವರು ಮುಂದೆ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಇದು ಜಾಯಿಝಾ? ಕೂಡದೆಯೇ ಪತಿಯ ವೀರ್ಯ ಪತ್ನಿಯ ಗರ್ಭ ಸೇರಿದರೆ ನಸಬ್ ಏನು, ಇದ್ದತ್ ಏನು ಎಂದು ನಮ್ಮ ಹಳೆಯ ಶಾಫಿಈ ಕಿತಾಬುಗಳೇ ಚರ್ಚಿಸಿವೆ. ಈಜಿಪ್ಟಿನ ಮುಫ್ತಿಯಾಗಿದ್ದು ಮುಂದೆ ಅಲ್ ಅಝ್‌ಹರ್‌ನ ಶೈಖ್ ಆದ ಜಾದುಲ್ ಹಖ್ ಅವರು 1980ರಲ್ಲೇ ಇದರ ಬಗ್ಗೆ ಫತ್ವಾ ಕೊಟ್ಟಿದ್ದರು. 1986ರ ಅಕ್ಟೋಬರ್‌ನಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ತೀರ್ಮಾನ ಹೇಳಿತು. ಸಾರಾಂಶ ಇಷ್ಟು: ಅಂಡ ಪತ್ನಿಯದು, ವೀರ್ಯ ಪತಿಯದು, ಗರ್ಭವೂ ಆಕೆಯದೇ, ನಿಕಾಹ್ ಜಾರಿಯಲ್ಲಿದೆ ಎಂದಾದರೆ ಅಗತ್ಯ ಇರುವವರು ಮಾಡಿಸಬಹುದು. ಮೂರನೆಯವರ ಅಂಡ, ವೀರ್ಯ, ಬಾಡಿಗೆ ಗರ್ಭ ಯಾವುದೂ ಇಲ್ಲ.

ಆಗಲೇ ಗರ್ಭಕ್ಕೆ ಬಿಡುವಾಗ ವಿಷಯ ಇಷ್ಟಕ್ಕೇ ಮುಗಿಯುತ್ತಿತ್ತು. ಫ್ರೀಜ್ ಮಾಡಿದಾಗ ನಡುವೆ ಕಾಲ ಬರುತ್ತದೆ. ಆ ಕಾಲದೊಳಗೆ ಮರಣ ಬರಬಹುದು, ತಲಾಖ್ ಬರಬಹುದು, ಮನಸ್ಸು ಬದಲಾಗಬಹುದು. ಹೊಸ ಪ್ರಶ್ನೆಗಳೆಲ್ಲ ಅಲ್ಲಿಯೇ ಹುಟ್ಟುವುದು.

ನಮ್ಮ ದೇಶದ ಕಾನೂನು ಇದನ್ನು ಗಮನಿಸಿದೆ. 2021ರ ಸಂತಾನ ಚಿಕಿತ್ಸೆಯ ಕಾನೂನು, ಅಂದರೆ ಎಆರ್‌ಟಿ ಕಾಯ್ದೆ, 2022ರ ಜನವರಿಯಿಂದ ಜಾರಿಯಲ್ಲಿದೆ. ಒಬ್ಬರು ತೀರಿಕೊಂಡರೆ ಅಥವಾ ಅಶಕ್ತರಾದರೆ ಏನು ಮಾಡಬೇಕು ಎಂದು ಇಬ್ಬರಿಂದಲೂ ಬರೆಸಿಕೊಳ್ಳದೆ ಭ್ರೂಣ ಫ್ರೀಜ್ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಗರ್ಭಕ್ಕೆ ಬಿಡುವ ಮೊದಲು ಯಾವಾಗ ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಇಡುವುದಕ್ಕೂ ಗರಿಷ್ಠ 10 ವರ್ಷದ ಮಿತಿ. ಅದಾದ ಮೇಲೆ ಭ್ರೂಣವನ್ನು ತಾನಾಗಿಯೇ ನಶಿಸಲು ಬಿಡಬೇಕು, ಅಥವಾ ದಂಪತಿ ಒಪ್ಪಿದರೆ ಸಂಶೋಧನೆಗೆ ಕೊಡಬೇಕು. ಉಳಿದ ಭ್ರೂಣದ ಬಗ್ಗೆ ಫಿಕ್ಹ್ ಅಕಾಡೆಮಿ 1990ರಲ್ಲಿ ಜಿದ್ದಾದಲ್ಲಿ ಹೇಳಿದ್ದೂ ಹತ್ತಿರದ ಮಾತೇ: ಬೇಕಾದಷ್ಟೇ ಅಂಡಗಳನ್ನು ಫಲಿತಗೊಳಿಸಿ, ಉಳಿದದ್ದು ಇದ್ದರೆ ತಾನಾಗಿ ಕೊನೆಗೊಳ್ಳಲು ಬಿಡಿ, ಬೇರೆ ಹೆಣ್ಣಿಗೆ ಕೊಡಬೇಡಿ.

ಆದರೆ ಕಾನೂನು ಬಿಟ್ಟದ್ದೆಲ್ಲ ದೀನ್ ಬಿಟ್ಟದ್ದಲ್ಲ. ತೀರಿಹೋದ ಯುವಕನೊಬ್ಬನ ಫ್ರೀಜ್ ಮಾಡಿಟ್ಟ ವೀರ್ಯವನ್ನು ಅವನ ತಂದೆ ತಾಯಿಗೆ ಕೊಡಬೇಕೆಂದು ದೆಹಲಿ ಹೈಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಆದೇಶ ಕೊಟ್ಟಿತು. ಮಗನನ್ನು ಕಳಕೊಂಡವರ ಸಂಕಟ ಯಾರಿಗೂ ಅರ್ಥವಾಗುತ್ತದೆ. ಆದರೂ ಬಹುಪಾಲು ಉಲಮಾಗಳ ನಿಲುವಿನಲ್ಲಿ ಮರಣದ ನಂತರ, ತಲಾಖಿನಿಂದ ಬಂಧ ಕಡಿದ ನಂತರ, ಆ ದಾರಿ ಮುಚ್ಚಿದೆ. ಹಾಗಾದರೆ ನಮ್ಮವರು ಆ ಕಾಗದದಲ್ಲಿ ಎಲ್ಲಿ ಟಿಕ್ ಹಾಕಬೇಕು ಎಂಬುದು ಮೊದಲೇ ಗೊತ್ತಿರಬೇಕಲ್ಲವಾ? ಗೊತ್ತಿದ್ದರೆ ಆ ಹುಡುಗನ ಆಯುಷ್ಯ ಹೆಚ್ಚುತ್ತಿರಲಿಲ್ಲ, ನಿಜ. ಆದರೆ ಇದ್ದತ್‌ನಲ್ಲಿ ಕೂತ ಹೆಣ್ಣಿನ ಮುಂದೆ ಎರಡು ಮನೆಯವರು ಜಗಳವಾಡುತ್ತಿರಲಿಲ್ಲ. ಕಾಲಕ್ಕೆ ಕೊನೆ ಉಂಟೆಂಬ ನೆನಪಿದ್ದರೆ ಎರಡು ತಿಂಗಳ ಕೆಲಸವನ್ನು ಒಂದು ವರ್ಷ ಎಳೆಯುತ್ತಲೂ ಇರಲಿಲ್ಲವೋ ಏನೋ.

ಆದ್ದರಿಂದ ಹೋಗುವವರಿಗೆ ಕೆಲವು ಮಾತು. ಕ್ಲಿನಿಕ್ ನೋಂದಣಿ ಆಗಿದೆಯೇ ಎಂದು ಮೊದಲು ಕೇಳಿ. ಒಪ್ಪಿಗೆ ಪತ್ರವನ್ನು ಒಂದು ದಿನ ಮೊದಲೇ ಪಡೆದು ಮನೆಗೆ ತನ್ನಿ. ಇಂಗ್ಲಿಷ್ ಬಲ್ಲ ಮಗನಿಂದಲೋ ಮಗಳಿಂದಲೋ ಸಾಲು ಸಾಲಾಗಿ ಓದಿಸಿ. ನಿಮ್ಮ ಖತೀಬರಲ್ಲೋ ಬಲ್ಲ ಉಲಮಾಗಳಲ್ಲೋ ಕೇಳಿ, ಆಮೇಲೆ ಸಹಿ ಹಾಕಿ. ಬೇರೆಯವರ ಅಂಡ ಅಥವಾ ವೀರ್ಯ ಬಳಸಲು ಒಪ್ಪಿಗೆ ಕೇಳುವ ಸಾಲು ಇದ್ದರೆ ಬೇಡ ಎಂದು ಬರೆಸಿ. ಎಷ್ಟು ಭ್ರೂಣ ಮಾಡುತ್ತಾರೆ, ಎಷ್ಟು ಇಡುತ್ತಾರೆ, ವರ್ಷಕ್ಕೆ ಎಷ್ಟು ಬಾಡಿಗೆ ಎಂದು ಕೇಳಿ. ಗರ್ಭಕ್ಕೆ ಬಿಡುವ ದಿನ ಹೆಸರಿನ ಗುರುತನ್ನು ಮತ್ತೊಮ್ಮೆ ನೋಡಲು ಹೇಳಿ. ನಸಬ್‌ನ ವಿಷಯ, ಸಂಕೋಚ ಬೇಡ.

ಇದಕ್ಕೂ ಮೊದಲಿನ ಮಾತು ಗಂಡಸರಿಗೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಸಮಸ್ಯೆಯೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಇಡೀ ಚಿಕಿತ್ಸೆಯಲ್ಲೇ ಅತಿ ಸುಲಭದ್ದು, ಖರ್ಚೂ ಕಡಿಮೆ. ಆದರೂ ನಾಲ್ಕು ವರ್ಷ ಹೆಂಡತಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿ, ತಾನು ಒಮ್ಮೆಯೂ ಪರೀಕ್ಷೆಗೆ ಹೋಗದವರನ್ನು ಊರಲ್ಲೂ ಕಂಡಿದ್ದೇನೆ, ಇಲ್ಲೂ ಕಂಡಿದ್ದೇನೆ. ಅಂಥ ಮನೆಯಲ್ಲೇ ಇನ್ನೊಂದು ನಿಕಾಹ್‌ನ ಮಾತು ಬೇಗ ಏಳುವುದು. ಇದು ಅನ್ಯಾಯ. ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಲ್ಲೇ, ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಬೇಕು. ಲೋಕದಲ್ಲಿ ಆರರಲ್ಲಿ ಒಬ್ಬರಿಗೆ ಬದುಕಿನ ಒಂದು ಹಂತದಲ್ಲಿ ಈ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮುಖ ಉಂಟು. ಪತಿ ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುತ್ತಾನೆ. ರಜೆಯಲ್ಲಿ ಬಂದಾಗ ಭ್ರೂಣ ಮಾಡಿ ಫ್ರೀಜ್ ಮಾಡಿಸಿ ವಾಪಸ್ ಹೋಗುತ್ತಾನೆ. ನಾಲ್ಕು ತಿಂಗಳ ನಂತರ ಪತ್ನಿಯ ಗರ್ಭಕ್ಕೆ ಬಿಡುತ್ತಾರೆ. ನಿಕಾಹ್ ಉಂಟು, ಇಬ್ಬರ ಒಪ್ಪಿಗೆಯೂ ಉಂಟು. ಆದರೆ ನೆರೆಮನೆಯವರು ಬೆರಳಲ್ಲಿ ತಿಂಗಳು ಎಣಿಸುತ್ತಾರೆ! ಪಾಪದ ಹೆಣ್ಣಿನ ಮೇಲೆ ಇಲ್ಲದ್ದು ಹೊರಿಸುವುದು ದೊಡ್ಡ ಗುನಾಹ್ ಎಂದು ಎಲ್ಲರಿಗೂ ಗೊತ್ತು, ಆದರೂ ಬಾಯಿ ನಿಲ್ಲುವುದಿಲ್ಲ. ವಿಮಾನ ಹತ್ತುವ ಮೊದಲು ಗಂಡನೇ ತನ್ನ ಉಮ್ಮನಿಗೂ ಪತ್ನಿಯ ಮನೆಯವರಿಗೂ ವಿಷಯ ತಿಳಿಸಿ ಹೋಗಬೇಕು. ಆ ಭಾರವನ್ನು ಆಕೆಯೊಬ್ಬಳ ತಲೆಗೆ ಹಾಕಬಾರದು.

ನಮ್ಮ ಹೆಂಗಸರಲ್ಲೂ ಒಂದು ವಿನಂತಿ. ಮದುವೆ ಮನೆಯಲ್ಲಿ ಸಿಕ್ಕಿದ ಕೂಡಲೇ "ವಿಶೇಷ ಏನಾದ್ರೂ ಉಂಟಾ?" ಎಂದು ಕೇಳುವುದನ್ನು ಬಿಡಿ. ಝಕರಿಯ್ಯಾ ನಬಿಯವರೂ ಇಬ್ರಾಹೀಂ ನಬಿಯವರೂ ಮುದಿಪ್ರಾಯದವರೆಗೆ ಮಗುವಿಗಾಗಿ ಕಾದವರು. ಆಯಿಶಾ ಬೀವಿಯವರಿಗೆ ಮಕ್ಕಳಿರಲಿಲ್ಲ, ಅವರ ಸ್ಥಾನಕ್ಕೆ ಅದರಿಂದ ಏನು ಕಡಿಮೆಯಾಯಿತು? ಲಕ್ಷ ದಾಟುವ ಖರ್ಚು ಮಾಡಿ, ಮೈ ತುಂಬ ಸೂಜಿ ಚುಚ್ಚಿಸಿಕೊಂಡು ಫಲಿತಾಂಶಕ್ಕೆ ಕಾಯುವವಳಿಗೆ ನಿಮ್ಮ ಪ್ರಶ್ನೆ ಇನ್ನೊಂದು ಸೂಜಿ.

ಜಮಾಅತ್‌ಗಳೂ ಒಂದು ಕೆಲಸ ಮಾಡಬಹುದು. ಮದುವೆಗೆ ಮುಂಚಿನ ತರಗತಿಗಳಲ್ಲಿ ಮಹರ್, ತಲಾಖ್, ಇದ್ದತ್ ಹೇಳಿಕೊಡುವಾಗ ಇದನ್ನೂ ಅರ್ಧ ಗಂಟೆ ಹೇಳಬೇಕು. ವರ್ಷಕ್ಕೊಮ್ಮೆ ಒಬ್ಬ ವೈದ್ಯೆಯನ್ನೂ ಒಬ್ಬ ಆಲಿಮರನ್ನೂ ಒಟ್ಟಿಗೆ ಕೂರಿಸಿ, ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಕೇಳಲು ಬಿಡಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕು ಎಂದು ಆಸ್ಪತ್ರೆಗಳಲ್ಲಿ ಕೇಳಬೇಕು. ನಾವು ಉಸ್ತಾದರೂ ಹರಾಂ ಹಲಾಲ್ ಹೇಳಿ ಎದ್ದು ಹೋಗದೆ, ಕಾಗದ ಓದಿ ಹೇಳುವಷ್ಟು ಕಲಿಯಬೇಕು. ನಾನೂ ಆ ಫೈಲು ನೋಡಿದ ಮೇಲೆಯೇ ಕಲಿತದ್ದು.

ಇದ್ದತ್ ಮುಗಿದ ಮೇಲೆ ಆ ಹಿರಿಯರು ಮಗಳನ್ನೂ ಕರೆದುಕೊಂಡು ಬಂದರು. ಭ್ರೂಣಗಳನ್ನು ಇನ್ನು ಇಡುವುದು ಬೇಡ ಎಂದು ಆಸ್ಪತ್ರೆಗೆ ಪತ್ರ ಬರೆಯಬೇಕಿತ್ತು. ನಾನು ಬರೆದು ಮುಂದಿಟ್ಟೆ. ಅವಳು ಪೆನ್ನು ಹಿಡಿದಳು, ಆದರೆ ಸಹಿ ಹಾಕಲಿಲ್ಲ. "ಮೊದಲು ಪೂರಾ ಓದಿ ಹೇಳ್ರಿ" ಎಂದಳು. ಓದಿ ಹೇಳಿದೆ. ಎರಡನೇ ಸಾಲನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಸಹಿ ಹಾಕಿದಳು.