ಟಿ.ವಿ. ಡ್ರಾಯರಿನಲ್ಲಿ ಸಿಕ್ಕ ಕಾಗದ

ಕಾರ್ತಿಕ ಮಾಸ ಬಂತೆಂದರೆ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಒಂದು ಸಣ್ಣ ಜಟಾಪಟಿ ಇದ್ದೇ ಇರುತ್ತದೆ. ಹಿತ್ತಲಲ್ಲಿ ತುಳಸಿಕಟ್ಟೆ ದೀಪಕ್ಕಾಗಿ ಕಾಯುತ್ತಿರುತ್ತದೆ, ನಡುಮನೆಯಲ್ಲಿ ಧಾರಾವಾಹಿ ಶುರುವಾಗಿರುತ್ತದೆ. ಎರಡರ ನಡುವೆ ನಮ್ಮಮ್ಮ. ವಯಸ್ಸು ಎಪ್ಪತ್ತೆಂಟು. ದೇವರನ್ನೂ ಬಿಡುವವಳಲ್ಲ, ಧಾರಾವಾಹಿಯ ಸೊಸೆಯನ್ನೂ ಬಿಡುವವಳಲ್ಲ!

ಏನು ಮಾಡುತ್ತಾಳೆ ಗೊತ್ತೇ? ಜಾಹೀರಾತು ಬಂದ ಕೂಡಲೇ ಎದ್ದು ಹೋಗಿ, ದೀಪ ಹಚ್ಚಿ, ಮೂರು ಪ್ರದಕ್ಷಿಣೆ ಹಾಕಿ, ಸೋಪು ಪೌಡರುಗಳ ಹಾವಳಿ ಮುಗಿಯುವಷ್ಟರಲ್ಲಿ ಕುರ್ಚಿಗೆ ವಾಪಸ್. “ಅಲ್ಲಮ್ಮಾ, ಇದೇನು ಪೂಜೇನೋ, ರಿಲೇ ಓಟಾನೋ?” ಅಂದರೆ, “ದೇವರಿಗೆಲ್ಲ ಗೊತ್ತಿರುತ್ತೆ ಕಣೋ, ಅವನೂ ನೋಡ್ತಾ ಇರ್ತಾನೆ” ಎನ್ನುತ್ತಾಳೆ. ಅವನು ನೋಡುತ್ತಿರುವುದು ಅಮ್ಮನನ್ನೋ ಧಾರಾವಾಹಿಯನ್ನೋ, ಅದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ.

ಸಿನಿಮಾ ಮಂದಿಯ ಸುಖದುಃಖ ಬರೆದು ಹೊಟ್ಟೆ ಹೊರೆಯುವ ನನಗೆ ಈ ವಾರ ನಮ್ಮ ಮನೆಯ ಸಮಾಚಾರವೇ ಬರೆಯಬೇಕಾಗಿ ಬಂದಿದೆ. ಗಾಂಧಿನಗರದ ಗುಸುಗುಸು ಬಯಸಿ ಪುಟ ತಿರುಗಿಸಿದವರು ಕ್ಷಮಿಸಬೇಕು. ತಪ್ಪೊಪ್ಪಿಗೆ ಒಂದಿದೆ. ಅದನ್ನು ಹೇಳಿ ಮುಗಿಸದ ಹೊರತು ಮುಂದಿನ ವಾರದ ಗುಸುಗುಸು ಬರೆಯಲು ಪೆನ್ನು ಏಳುವುದಿಲ್ಲ.

* * *

ಯೋಚಿಸಿ ನೋಡಿದರೆ ಟಿ.ವಿ.ಗೂ ಈ ಚಳಿ ಹುಟ್ಟುವ ಕಾಲಕ್ಕೂ ಏನೋ ನಂಟಿದೆ. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದೇ 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಹಾಗೆಂದು ನಾವು ಬೆಂಗಳೂರಿನವರು ಮೊದಲಿಗರೆಂದು ಬೀಗುವಂತಿಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗ ನಡೆದಾಗ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ರೈತರು ನಮಗಿಂತ ಐದಾರು ವರ್ಷ ಮೊದಲೇ ಪರದೆ ಮುಂದೆ ಕೂತಿದ್ದರು!

ನಮಗೆ ಟಿ.ವಿ. ಅಂದರೆ ಮೇಲ್ಮನೆಯ ಇಂಜಿನಿಯರ್ ಮನೆಯ ಟಿ.ವಿ. ಮರದ ಬಾಗಿಲು, ಬಾಗಿಲಿಗೊಂದು ಬೀಗ. ಮಹಡಿ ಮೇಲೆ ಆಂಟೆನಾ, ಆಂಟೆನಾ ಮೇಲೆ ಕಾಗೆ. “ಬಂತಾ?” “ಇಲ್ಲ, ಸ್ವಲ್ಪ ಎಡಕ್ಕೆ!” “ಈಗ ಬಂತಾ?” 1982ರ ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಬಂತು, ಇಂಜಿನಿಯರ್ ಮನೆಗೆ ಬಣ್ಣದ ಟಿ.ವಿ.ಯೂ ಬಂತು. ಡಿಸೆಂಬರ್ 1ರಂದು ಹಾಕಿ ಫೈನಲ್ಲಿನಲ್ಲಿ ಪಾಕಿಸ್ತಾನ ನಮಗೆ ಏಳು ಗೋಲು ಹೊಡೆಯಿತು, ನಾವು ಹೊಡೆದದ್ದು ಒಂದು. ಬೀದಿಗೆ ಬೀದಿಯೇ ಸೂತಕ ಹಿಡಿದಂತೆ ಕೂತಿತ್ತು. ಅದೇ ಕೂಟದಲ್ಲಿ ನಮ್ಮ ಹೆಣ್ಣುಮಕ್ಕಳು ಹಾಕಿಯಲ್ಲಿ ಚಿನ್ನ ಗೆದ್ದಿದ್ದರು. ಅದರ ಬಗ್ಗೆ ಯಾರ ಬಾಯಲ್ಲೂ ಮಾತಿಲ್ಲ. “ಗಂಡಸರು ಸೋತಿದ್ದು ಮಾತ್ರ ಲೆಕ್ಕಾನಾ?” ಎಂದು ಅಮ್ಮ ಮೆಟ್ಟಿಲಿಳಿಯುತ್ತಾ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ.

1984ರ ನವೆಂಬರ್ 3ರಂದು ಅದೇ ನಡುಮನೆಯಲ್ಲಿ ಇಂದಿರಾ ಗಾಂಧಿಯವರ ಅಂತ್ಯಕ್ರಿಯೆ ನೋಡಿದೆವು. ಪರಿಚಯವೇ ಇಲ್ಲದ ಹೆಂಗಸರು ಬಂದು ಅಮ್ಮನ ಪಕ್ಕ ಕೂತು ಅತ್ತು ಹೋದರು. 2000ದ ಜುಲೈ 30ರಂದು ಗಾಜನೂರಿನಿಂದ ಅಣ್ಣಾವ್ರ ಅಪಹರಣವಾದಾಗ ನಮ್ಮ ಮನೆಗೂ ಟಿ.ವಿ. ಬಂದು ಎಷ್ಟೋ ವರ್ಷವಾಗಿತ್ತು. ಅಮ್ಮ ದಿನವೂ ಒಂದು ದೀಪ ಹೆಚ್ಚು ಇಡತೊಡಗಿದಳು. ನವೆಂಬರ್ 15ರಂದು ಬಿಡುಗಡೆಯ ಸುದ್ದಿ ಬಂದಾಗ ಎಣಿಸಿದರೆ ನೂರೆಂಟು ದಿನ. “ನೋಡಿದ್ಯಾ, ಅಷ್ಟೋತ್ತರ ಮುಗೀತು, ಬಂದ್ರು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

* * *

ಆಮೇಲೆ 2021ರ ಅಕ್ಟೋಬರ್ 29. ಶುಕ್ರವಾರ. ದೀಪಾವಳಿಗೆ ಇನ್ನು ಆರೇ ದಿನ. ಆ ದಿನವನ್ನು ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ. ‘ಬೆಟ್ಟದ ಹೂವು’ ಚಿತ್ರದಲ್ಲಿ ಪುಸ್ತಕಕ್ಕಾಗಿ ಕಾಸು ಕೂಡಿಟ್ಟ ಹುಡುಗ, ರಾಷ್ಟ್ರಪ್ರಶಸ್ತಿ ಗೆದ್ದ ಹುಡುಗ, ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ಎದುರು ಕೂತ ಬಡವರನ್ನು ನಗಿಸಿದ ಅಪ್ಪು ನಲವತ್ತಾರಕ್ಕೇ ಹೊರಟುಬಿಟ್ಟರು. ಎರಡು ದಿನ ಟಿ.ವಿ. ಆರಲಿಲ್ಲ. ಕಂಠೀರವ ಕ್ರೀಡಾಂಗಣದ ಸಾಲು, ಭಾನುವಾರ ಬೆಳಿಗ್ಗೆ ಕಂಠೀರವ ಸ್ಟುಡಿಯೋದಲ್ಲಿ ತಂದೆತಾಯಿಯ ಪಕ್ಕದಲ್ಲಿ ಮಣ್ಣು... ಅಮ್ಮ ಊಟ ಬಿಟ್ಟು ನೋಡಿದಳು.

ಅಷ್ಟರಲ್ಲಿ ಆ ಇನ್ನೊಂದು ಸುದ್ದಿ ಬಂತು. ಅಪ್ಪು ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ! ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪೊರೆಯಿದೆ. ಅದೇ ಕಾರ್ನಿಯಾ. ಸಾಮಾನ್ಯವಾಗಿ ಒಂದು ಕಾರ್ನಿಯಾ ಒಬ್ಬರಿಗೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಪೊರೆಯ ಮುಂಭಾಗವನ್ನು ಒಬ್ಬರಿಗೆ, ಹಿಂಭಾಗವನ್ನು ಇನ್ನೊಬ್ಬರಿಗೆ ಕೊಟ್ಟರು. ಹೀಗೆ ಎರಡು ನಾಲ್ಕಾಯಿತು. 2006ರಲ್ಲಿ ಅಣ್ಣಾವ್ರು, 2017ರಲ್ಲಿ ಪಾರ್ವತಮ್ಮನವರು, ಈಗ ಮಗ. ಮೂವರೂ ಕಣ್ಣು ಕೊಟ್ಟೇ ಹೋದರು.

ಅಮ್ಮ ಟಿ.ವಿ. ಶಬ್ದ ಕಡಿಮೆ ಮಾಡಿ ಹೇಳಿದಳು: “ನಂಗೂ ಒಂದು ಫಾರಂ ತಂದುಕೊಡೋ.”

ತಂದೆ. ನಡುಗುವ ಕೈಯಲ್ಲಿ ಅಮ್ಮ ಸಹಿ ಮಾಡಿದಳು. ಕೆಳಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಅದರಲ್ಲಿ ಒಬ್ಬರು ಹತ್ತಿರದ ಸಂಬಂಧಿಕರು. “ಆಗ್ಲಿ, ನಾಳೆ ಮಾಡಿ ಕೊಟ್ಟು ಬರ್ತೀನಿ” ಎಂದು ಟಿ.ವಿ. ಕೆಳಗಿನ ಡ್ರಾಯರಿಗೆ ಹಾಕಿದೆ.

ಆ ವಾರವೇ ಈ ಅಂಕಣದಲ್ಲಿ ನೇತ್ರದಾನದ ಬಗ್ಗೆ ಬರೆದೆ. ಹೇಗೆ ಬರೆದೆ ಅಂತೀರಿ! ‘ಮಣ್ಣಿಗೆ ಹೋಗುವ ಕಣ್ಣನ್ನು ಮನುಷ್ಯನಿಗೆ ಕೊಡಿ’ ಎಂದು ಓದುಗರಿಗೆ ಕೈಮುಗಿದೆ. ಪತ್ರಗಳು ಬಂದವು. ಹಾಸನ ಕಡೆಯ ಬಸ್ ಕಂಡಕ್ಟರೊಬ್ಬರು, ‘ತಮ್ಮ ಬರಹ ಓದಿ ನಾನೂ ನನ್ನ ಮನೆಯವಳೂ ಬರೆದುಕೊಟ್ಟೆವು ಸಾರ್’ ಎಂದು ಬರೆದಿದ್ದರು. ಓದಿ ಎದೆಯುಬ್ಬಿಸಿಕೊಂಡು ಓಡಾಡಿದೆ. ಅಮ್ಮನ ಕಾಗದ ಮಾತ್ರ ಡ್ರಾಯರಿನಲ್ಲೇ ಇತ್ತು.

* * *

ಈಗ 2025ರ ನವೆಂಬರ್ 2ಕ್ಕೆ ಬನ್ನಿ. ಭಾನುವಾರ, ಉತ್ಥಾನ ದ್ವಾದಶಿ. ತುಳಸಿಗೆ ನೆಲ್ಲಿಕೊಂಬೆ, ಹುಣಿಸೆಕೊಂಬೆ ಕಟ್ಟಿ, ನೆಲ್ಲಿಕಾಯಿ ಕೊರೆದು ತುಪ್ಪದ ಬತ್ತಿ ಇಟ್ಟು ಅಮ್ಮ ಸಡಗರದಿಂದ ಹಬ್ಬ ಮಾಡಿದಳು. ಅದೇ ದಿನ ನವಿ ಮುಂಬಯಿಯಲ್ಲಿ ಮಹಿಳಾ ವಿಶ್ವಕಪ್ ಕ್ರಿಕೆಟ್ಟಿನ ಫೈನಲ್. ಮಳೆಯಿಂದಾಗಿ ಆಟ ತಡವಾಗಿ ಶುರುವಾಯಿತು. ನಮ್ಮವರು ಹೊಡೆದದ್ದು 298. ದಕ್ಷಿಣ ಆಫ್ರಿಕಾದ ನಾಯಕಿ ಲಾರಾ ವೊಲ್ವಾರ್ಟ್ ನೂರು ಬಾರಿಸಿ ಬಂಡೆಯಂತೆ ನಿಂತುಬಿಟ್ಟಿದ್ದರು. ರಾತ್ರಿ ಹನ್ನೊಂದು ದಾಟಿತ್ತು. ಅಮ್ಮನಿಗೆ ನಿದ್ದೆಯಿಲ್ಲ, ನನಗೆ ಉಸಿರಿಲ್ಲ.

“ಸ್ವಲ್ಪ ಜೋರಾಗಿಡೋ, ಕೇಳ್ತಾ ಇಲ್ಲ.” ರಿಮೋಟ್ ಒತ್ತಿದೆ. ಬಡಿದೆ. ಸೆಲ್ಲು ಖಲಾಸ್! ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಅಮ್ಮನೇ ಎದ್ದು ಡ್ರಾಯರ್ ಎಳೆದು ಹುಡುಕತೊಡಗಿದಳು. ಹಳೇ ಕೇಬಲ್ ರಸೀದಿ, ಕಾಲು ಮುರಿದ ಕನ್ನಡಕ, ಮದುವೆ ಕರೆಯೋಲೆ...

ಆಗ ವೊಲ್ವಾರ್ಟ್ ಚೆಂಡನ್ನು ಎತ್ತಿ ಹೊಡೆದರು. ಅಮನ್‌ಜೋತ್ ಓಡಿಬಂದು ಹಿಡಿದರು, ಚೆಂಡು ಕೈಯಿಂದ ಪುಟಿಯಿತು, ಮತ್ತೆ ಹಿಡಿದರು, ಮತ್ತೆ ಪುಟಿಯಿತು, ಕೊನೆಗೂ ಬೀಳುತ್ತಾ ಹಿಡಿದೇಬಿಟ್ಟರು! ನಾನು ಕುರ್ಚಿ ಒದ್ದು ಕೂಗಿದೆ: “ಔಟ್! ಅಮ್ಮಾ, ಔಟ್!”

ಅಮ್ಮ ಪರದೆ ನೋಡುತ್ತಿರಲಿಲ್ಲ. ಕೈಯಲ್ಲೊಂದು ಮಡಿಸಿದ ಕಾಗದ. ಅದನ್ನು ಟಿ.ವಿ.ಯ ಬೆಳಕಿಗೆ ಹಿಡಿದಿದ್ದಳು.

“ಇದು ನಾನು ಸಹಿ ಹಾಕಿದ್ದಲ್ವೇನೋ?”

ಹೂಂ ಅಂದೆ.

“ನಾಲ್ಕು ವರ್ಷ ಆಯ್ತಲ್ಲೋ.”

ಕೋಪದ ದನಿಯಲ್ಲ. ಕೋಪವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕುರ್ಚಿಗೆ ಬಂದು ಕೂತು ಮೆಲ್ಲಗೆ ಅಂದಳು: “ಕೊಟ್ಟಾಗಿದೆ ಅಂದ್ಕೊಂಡಿದ್ದೆ. ದಿನಾ ದೀಪ ಹಚ್ಚುವಾಗ, ನನ್ನ ಪಾಲಿಂದು ಆಯ್ತಪ್ಪಾ ಅಂತ ಸಮಾಧಾನ ಇತ್ತು.”

ಕೆಲಸದ ಗಡಿಬಿಡಿ, ಮರೆವು, ಅದೂ ಇದೂ ಅಂತ ತೊದಲಿದೆ. ಅಮ್ಮ ಕೇಳಿಸಿಕೊಂಡಳು ಅಷ್ಟೆ. ನಡುರಾತ್ರಿಯ ಹೊತ್ತಿಗೆ ನಮ್ಮ ಹುಡುಗಿಯರು 52 ರನ್ನುಗಳಿಂದ ಗೆದ್ದರು. ಬೀದಿಯಲ್ಲಿ ಉಳಿದಿದ್ದ ದೀಪಾವಳಿಯ ಪಟಾಕಿಯೆಲ್ಲ ಒಮ್ಮೆಗೇ ಹೊತ್ತಿಕೊಂಡಿತು. “ಈ ಸಲ ಎಲ್ಲರಿಗೂ ನೆನಪಿರುತ್ತೆ ಬಿಡು” ಎಂದಳು ಅಮ್ಮ. 1982ರ ಮೆಟ್ಟಿಲು ಅವಳೂ ಮರೆತಿರಲಿಲ್ಲ.

* * *

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಚಾರ ಹೇಳೋದು, ಬದನೆಕಾಯಿ ತಿನ್ನೋದು ಎಂಬ ಗಾದೆಗೆ ನನ್ನಂಥ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ. ಆದರೆ ಮರೆವು ಎಂದದ್ದು ಸುಳ್ಳು, ಓದುಗರೇ. ನಾನು ಮರೆತಿರಲಿಲ್ಲ. ಎರಡು ಮೂರು ಸಲ ಡ್ರಾಯರ್ ತೆಗೆದು ಆ ಕಾಗದ ಕೈಗೆತ್ತಿಕೊಂಡಿದ್ದೆ. ಸಂಬಂಧಿಕರ ಸಹಿ ಎಂಬ ಜಾಗದಲ್ಲಿ ಪೆನ್ನು ಇಟ್ಟರೆ, ಅಮ್ಮ ಇಲ್ಲದ ಒಂದು ದಿನ ಬರುತ್ತದೆಂದು ನಾನೇ ಒಪ್ಪಿ ಬರೆದುಕೊಟ್ಟಂತೆ ಅನ್ನಿಸುತ್ತಿತ್ತು. ಮಡಿಸಿ ಒಳಗಿಡುತ್ತಿದ್ದೆ. ಊರವರ ಅಮ್ಮಂದಿರ ಬಗ್ಗೆ ಬರೆಯುವುದು ಸುಲಭ ಸ್ವಾಮಿ.

ಆ ದಿನ ಬಂದಾಗ ಸಮಯ ಬಹಳ ಇರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು, ನಾನೇ ಬರೆದಿದ್ದೆನಲ್ಲ! ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಡಬೇಕು. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ, ಇಪ್ಪತ್ತು ನಿಮಿಷದ ಕೆಲಸ, ಮುಖ ವಿಕಾರವಾಗುವುದಿಲ್ಲ. ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು, ಪೊರೆ ತೆಗೆಸಿಕೊಂಡವರು, ಯಾವ ವಯಸ್ಸಿನವರಾದರೂ ಕೊಡಬಹುದು. ಮುಖ್ಯವಾದ ಮಾತೆಂದರೆ, ಫಾರಂ ತುಂಬದಿದ್ದರೂ ಮನೆಯವರು ಒಪ್ಪಿದರೆ ದಾನವಾಗುತ್ತದೆ. ತುಂಬಿದ್ದರೂ ಮನೆಯವರು ಫೋನ್ ಮಾಡದೆ ಕೂತರೆ ಆಗುವುದಿಲ್ಲ. ಅಂದರೆ ಕಣ್ಣು ಅಮ್ಮನದಾದರೂ ಎದ್ದು ಫೋನ್ ಮಾಡಬೇಕಾದವನು ಮಗ. ನನ್ನಂಥ ಪುಕ್ಕಲು ಮಗ!

ಬೆಳಿಗ್ಗೆ ಕಾಫಿ ಕುಡಿದು ಸಹಿ ಮಾಡಿದೆ. ಎರಡನೆಯ ಸಾಕ್ಷಿಗೆ ಮಹಡಿ ಮೇಲಿನ ಬಾಡಿಗೆಯ ಹುಡುಗ ಬಂದ. ಅಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ ನನ್ನ ಮುಖ ನೋಡಿದಳು. “ನಿಂದೆಲ್ಲಿ?”

“ನಂದಾ?”

“ಪೇಪರಲ್ಲಿ ಅಷ್ಟುದ್ದ ಬರೆದಿದ್ದೆ. ನಿಂದು ಕೊಡ್ಲಿಲ್ವಾ?”

ಬಾಡಿಗೆಯ ಹುಡುಗ ಬಾಗಿಲ ಕಡೆ ತಿರುಗಿ ನಕ್ಕ. ಏನು ಹೇಳಲಿ!

ಕಾರ್ತಿಕದ ಕಡೆಯ ಸೋಮವಾರ ಎರಡು ಫಾರಂ ಹಿಡಿದು ತಾಯಿ ಮಗ ಆಟೋ ಹತ್ತಿದೆವು. ನನ್ನದಕ್ಕೆ ಸಂಬಂಧಿಕರ ಜಾಗದಲ್ಲಿ ಅಮ್ಮನೇ ಸಹಿ ಮಾಡಿದ್ದಳು. ಕೈ ನಡುಗಿದ್ದು ವಯಸ್ಸಿಗೆ, ಭಯಕ್ಕಲ್ಲ. ಕೊಟ್ಟು ರಸೀದಿ ಪಡೆದು, ಬರುತ್ತಾ ಬಸವನಗುಡಿಯಲ್ಲಿ ಇಳಿದು ಕಡಲೆಕಾಯಿ ಪರಿಷೆಯ ಜನಜಂಗುಳಿಯಲ್ಲಿ ದೊಡ್ಡ ಬಸವಣ್ಣನಿಗೆ ಕೈಮುಗಿದೆವು. ಅಮ್ಮ ಚೌಕಾಸಿ ಮಾಡಿ ಎರಡು ಸೇರು ಹಸಿ ಕಡಲೆಕಾಯಿ ಕೊಂಡಳು. “ಬೇಗ ನಡಿಯೋ, ಏಳಾಗುತ್ತೆ” ಎಂದು ನನ್ನನ್ನೇ ಎಳೆದುಕೊಂಡು ಹೊರಟಳು. ಅಂದೂ ದೀಪ ಹಚ್ಚಿದ್ದು ಜಾಹೀರಾತಿನ ಹೊತ್ತಿನಲ್ಲೇ. ನಾನು ಚಕಾರವೆತ್ತಲಿಲ್ಲ.

ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿರುವ ಮಹನೀಯರೇ, ಮಹಿಳೆಯರೇ, ನಾಲ್ಕು ವರ್ಷದ ಹಿಂದಿನ ನನ್ನ ಉಪದೇಶ ನಂಬಿ ಬರೆದುಕೊಟ್ಟವರಲ್ಲಿ ಕ್ಷಮೆ ಕೇಳುತ್ತೇನೆ. ನೀವು ನನಗಿಂತ ದೊಡ್ಡವರು. ಹೊಸ ಉಪದೇಶ ಏನೂ ಇಲ್ಲ. ಮನೆ ತಲುಪಿದ ಮೇಲೆ ನಿಮ್ಮ ಟಿ.ವಿ. ಕೆಳಗಿನ ಡ್ರಾಯರ್ ಒಮ್ಮೆ ಎಳೆದು ನೋಡಿ. ಹಾಗೆಯೇ ರಿಮೋಟಿಗೆ ಎರಡು ಸೆಲ್ಲು ಕೊಂಡು ಹೋಗಿ. ನನಗಿನ್ನೂ ತರುವುದಾಗಿಲ್ಲ, ಅಮ್ಮ ಬೈಯುತ್ತಿದ್ದಾಳೆ.